ತಖ್ತದ ಮೇಲೆ ಹಾಸಿದ ಕಂಬಳಿ

ಗದ್ವಾಲಿನ ಆ ಮನೆಯಲ್ಲಿ ನಾವು ಎರಡು ಸಲ ಚಹಾ ಕುಡಿದೆವು. ಮೊದಲನೆಯದು ಅವರಾಗಿಯೇ ಕೊಟ್ಟದ್ದು, ಎರಡನೆಯದು ಅಣ್ಣ ಕೇಳಿ ಮಾಡಿಸಿಕೊಂಡದ್ದು. ಹಳೆ ಸಾಮಾನು ಕೊಳ್ಳಲು ಹೋದ ಕಡೆಯಲ್ಲೆಲ್ಲ ಎರಡನೇ ಚಹಾ ಕೇಳುವುದು ಅವನ ಪದ್ಧತಿ. ಮನೆಯವರು ಒಳಗೆ ಹೋಗಿ ಚಹಾ ಕಾಯಿಸಿ ತರುವಷ್ಟರಲ್ಲಿ ನಾನು ಸಾಮಾನಿನ ಕೆಳಗೆ ತೂರಿ, ಒರಲೆ ಹತ್ತಿದೆಯೇ, ಕೀಲು ಸಡಿಲಾಗಿದೆಯೇ ಎಂದು ನೋಡಿ ಬರಬೇಕು. ಅವರ ಎದುರಿಗೇ ಬಗ್ಗಿ ನೋಡಿದರೆ ಅವರ ಮನಸ್ಸಿಗೆ ಕಸಿವಿಸಿಯಾಗುತ್ತದೆ ಎನ್ನುತ್ತಿದ್ದ. ಅವರು ಅದರ ಮೇಲೆ ಕೂತು ಬಾಳಿದವರು, ನಾವು ಅದರ ಹೊಟ್ಟೆ ನೋಡಲು ಬಂದವರು.

ಆ ದಿನ ನೋಡಲು ಹೋದದ್ದು ಒಂದು ತಖ್ತ. ಮೊಣಕಾಲೆತ್ತರದ, ನಾಲ್ಕು ಜನ ಕಾಲು ಮಡಚಿ ಕೂರುವಷ್ಟು ಅಗಲದ ಸಾಗವಾನಿ ಪೀಠ. ಆ ಮನೆಯವರು ತಲೆಮಾರುಗಳಿಂದ ಪಡಸಾಲೆಯಲ್ಲೇ ಗದ್ವಾಲ ಸೀರೆ ಮಾರಿದವರು. ಬಂದ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹರವುತ್ತಿದ್ದದ್ದು ಆ ತಖ್ತದ ಮೇಲೆ. ಈಗ ರಸ್ತೆಗೆ ಗಾಜಿನ ಅಂಗಡಿ ಮಾಡಿಕೊಂಡಿದ್ದಾರೆ, ತಖ್ತ ಓಡಾಡುವವರ ಕಾಲಿಗೆ ತೊಡರುತ್ತಿತ್ತು.

ಕೆಳಗೆ ತೂರಿ ನೋಡಿದೆ. ಮೂರು ಕಾಲು ಸಾಗವಾನಿ, ನಾಲ್ಕನೆಯದು ಬೇವು. ಯಾವಾಗಲೋ ಮುರಿದದ್ದಕ್ಕೆ ಬೇರೆ ಕಾಲು ಕೂರಿಸಿ ಬಣ್ಣ ಬಳಿದಿದ್ದರು. ಎದ್ದು ಬಂದು ಅಣ್ಣನ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಅವನು ತನ್ನ ಕರಿ ಕಂಬಳಿಯನ್ನು ಹೆಗಲಿಂದ ತೆಗೆದು ತಖ್ತದ ಮೇಲೆ ಹಾಸಿ, ಒಂದು ಅಂಚನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಿದ್ದ. ನಾನು ಆ ಅಂಚಿನ ಕೆಳಗೆ ಬಲಗೈ ಇಟ್ಟೆ.

ಇದು ನಮ್ಮ ಅಪ್ಪನಿಂದ ಬಂದ ವಿದ್ಯೆ. ಅಪ್ಪ ಕುರಿ ವ್ಯಾಪಾರ ಮಾಡುತ್ತಿದ್ದ. ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನು, ಕೊಳ್ಳುವವನು ಇಬ್ಬರೂ ಕಂಬಳಿಯ ಕೆಳಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಾವಿಬ್ಬರೂ ಕುರಿ ಬಿಟ್ಟು ಹಳೆ ಮಂಚ, ಕುರ್ಚಿ, ಅಲಮಾರಿಗಳಿಗೆ ಬಂದೆವು; ಕಂಬಳಿಯ ಕೆಳಗಿನ ಕೈ ಮಾತ್ರ ಬಿಡಲಿಲ್ಲ. ಮನೆಯವರ ಎದುರಿಗೆ ಕೂತು, ಊರಿನ ಮಳೆ ಬೆಳೆ ಮಾತಾಡುತ್ತಲೇ, ಯಾವ ಸಾಮಾನಿಗೆ ಎಷ್ಟು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಸಾಮಾನಿನಲ್ಲಿ ದೋಷವಿದ್ದರೆ ನಾನು ಅವನ ಅಂಗೈಯನ್ನು ಉಗುರಿನಿಂದ ಗೀರುತ್ತಿದ್ದೆ. ಮನೆಯವರು ಬಹಳ ಜಿಪುಣರೆಂದು ಕಂಡರೆ ಅವನು ನನ್ನ ಅಂಗೈಗೆ ಕಚಗುಳಿ ಇಡುತ್ತಿದ್ದ. ನಾನು ನಗು ತಡೆಯಲಾಗದೆ ಕೆಮ್ಮಬೇಕಾಗುತ್ತಿತ್ತು.

ಒಂದು ಸಾಮಾನಿಗೆ ಎರಡು ಸಲ ಕೈ ಹಿಡಿಯುವುದು. ಮೊದಲ ಸಲ, ಮನೆಯವರಿಗೆ ನಾವು ಕೊಡುವ ಬೆಲೆ. ಎರಡನೇ ಸಲ, ಆಮೇಲೆ ಅದನ್ನು ಫೋನಿನ ಆನ್‌ಲೈನ್ ಹರಾಜಿನಲ್ಲಿ ಮಾರುವಾಗ ಇದಕ್ಕಿಂತ ಕೆಳಗೆ ಬಿಡಬಾರದು ಎನ್ನುವ ಬೆಲೆ. ಆ ದಿನ ಎರಡನೇ ಸಲ ಅಣ್ಣ ಇಡೀ ಕೈ ಹಿಡಿದ, ಬಿಟ್ಟ, ಮತ್ತೆ ಇಡೀ ಕೈ ಹಿಡಿದ, ಆಮೇಲೆ ಒಂದು ಬೆರಳು. ಹನ್ನೊಂದು ಸಾವಿರ. ನಾನು ಅವನ ಅಂಗೈ ಗೀರಿದೆ, ಬೇವಿನ ಕಾಲು ಇದೆ ಎಂದು. ಅವನು ಮತ್ತೆ ಅಷ್ಟನ್ನೇ ಹಿಡಿದ, ಇನ್ನೂ ಬಿಗಿಯಾಗಿ.

ಮನೆಯ ಯಜಮಾನರು ಎದುರಿನ ಕುರ್ಚಿಯಲ್ಲಿ ಕೂತು ಇದನ್ನೇ ನೋಡುತ್ತಿದ್ದರು. "ಕಂಬಳ್ಯಾಗ ಏನ್ ನಡಸೀರಿ ಇಬ್ರೂ? ಬೆಕ್ಕು ಮರಿ ಹಾಕೈತೇನು?" ಎಂದರು.

"ಇಲ್ರಿ ಸಾವ್ಕಾರ್ರ, ತಮ್ಮಗ ಥಂಡಿ ಹತ್ತೈತಿ. ಕೈ ಬೆಚ್ಚಗ ಮಾಡಾಕತ್ತೀನಿ" ಎಂದ ಅಣ್ಣ.

ಹೊರಗೆ ಅಂಗಳದ ಕಲ್ಲಿನ ಮೇಲೆ ಕಾಲಿಡಲಾಗದಷ್ಟು ಬಿಸಿಲಿತ್ತು. ಯಜಮಾನರು ಬಾಯ್ತುಂಬ ನಕ್ಕರು. ಅವರ ನಗು ಮುಗಿಯುವುದರೊಳಗೆ ವ್ಯಾಪಾರ ಕುದುರಿತ್ತು.

ಟ್ರಾಲಿ ಆಟೊದಲ್ಲಿ ತಖ್ತವನ್ನು ಏರಿಸಿ, ಹಗ್ಗ ಉಜ್ಜದಿರಲೆಂದು ಮಧ್ಯೆ ಕಂಬಳಿ ಕೊಟ್ಟು ಕಟ್ಟಿದೆವು. ಇಬ್ಬರೂ ಹಿಂದೆ ಅದಕ್ಕೆ ಒರಗಿ ಕೂತೆವು. ಜೂರಾಲ ಅಣೆಕಟ್ಟು ದಾಟುವಾಗ ಗಾಳಿಗೆ ಅವನ ಟೋಪಿ ಹಾರಿ ನೀರಿಗೆ ಬೀಳುವುದರಲ್ಲಿತ್ತು, ನಾನು ಹಿಡಿದೆ. ಹನ್ನೊಂದು ಜಾಸ್ತಿಯಾಯಿತಲ್ಲ ಎಂದು ನಾನು ಆಗ ಬಾಯಿಬಿಟ್ಟು ಕೇಳಿದೆ. ಅವನು ತಖ್ತದ ಹಲಗೆಯ ಮೇಲೆ ಅಂಗೈ ಸವರಿದ.

"ಕಾಲು ನೋಡಿದಿ, ಖರೆ. ಇದನ್ನ ಮುಟ್ಟಿ ನೋಡಿದಿ? ಇಷ್ಟು ವರ್ಷ ರೇಷ್ಮಿ ಸೀರಿ ಜಾರಿ ಜಾರಿ ಆದ ನುಣುಪು ಇದು. ನೀ ಹಗಲೂರಾತ್ರಿ ಉಜ್ಜಿದ್ರೂ ಇದು ಬರಂಗಿಲ್ಲ. ಇದಕ್ಕ ಪಾಲಿಶ್ ಹಚ್ಚಿದ್ಯೋ, ನಿನ್ನ ಕೈ ಮುರಿತೀನಿ."

ಮಕ್ತಲ್‌ನಲ್ಲಿ ಅವನು ಇಳಿದ. ಅವನ ಮನೆ ಅಲ್ಲಿ, ಅಂಗಡಿ ಮತ್ತು ನನ್ನ ಮನೆ ನಾರಾಯಣಪೇಟೆಯಲ್ಲಿ. ಕಂಬಳಿ ಬಿಚ್ಚಿ ಕೊಡಲು ಹೋದೆ. ಬಿಡು, ನಾಳೆ ಬರುತ್ತೇನಲ್ಲ ಎಂದ. ಕೈ ಬೀಸಿ, ಬಸ್ ಸ್ಟ್ಯಾಂಡಿನ ಮುಂದೆ ಮೆಣಸಿನಕಾಯಿ ಬಜ್ಜಿ ಕಟ್ಟಿಸಲು ನಿಂತ. ಅತ್ತಿಗೆಗೆ ಅವು ಇಷ್ಟ.

ಮರುದಿನ ಬೆಳಿಗ್ಗೆ ಜಳಕಕ್ಕೆ ನೀರು ಕಾಯಿಸಿಕೊಂಡವನು ಹಂಡೆಯ ಪಕ್ಕದಲ್ಲೇ ಕುಸಿದು ತೀರಿಹೋದ. ಅತ್ತಿಗೆಯ ಫೋನು ಬಂದಾಗ ನಾನು ಅಂಗಡಿಯಲ್ಲಿ ತಖ್ತಕ್ಕೆ ಕಟ್ಟಿದ ಹಗ್ಗ ಬಿಚ್ಚುತ್ತಿದ್ದೆ.

ದಿನಕರ್ಮಗಳು ಮುಗಿದ ಮೇಲೆ ಅಂಗಡಿ ತೆರೆದೆ. ನಮ್ಮಲ್ಲಿ ಕೆಲಸ ಹಂಚಿಕೆಯಾಗಿತ್ತು. ಮುರಿದದ್ದನ್ನು ಕೂಡಿಸುವುದು, ಉಜ್ಜುವುದು, ಬೆತ್ತ ಹೆಣೆಯುವುದು, ಕಟ್ಟಿ ಕಳಿಸುವುದು ನನ್ನದು. ಫೋಟೊ ತೆಗೆದು ಹರಾಜಿಗೆ ಹಾಕುವುದು, ಬೆಲೆ ಇಡುವುದು, ಗಿರಾಕಿಗಳೊಂದಿಗೆ ಮಾತಾಡುವುದು ಅವನದು. ಹರಾಜಿನ ಖಾತೆಯೂ ಅವನ ಹೆಸರಿನಲ್ಲೇ ಇತ್ತು. ಸಾಮಾನು ಕೊಂಡವರು ಕೊಟ್ಟ ನಕ್ಷತ್ರಗಳು, ಬರೆದ ಒಳ್ಳೆಯ ಮಾತುಗಳು ಆ ಹೆಸರಿನ ಕೆಳಗೆ ಸಾಲಾಗಿ ನಿಂತಿದ್ದವು. ಅತ್ತಿಗೆ ಅವನ ಫೋನನ್ನು ನನ್ನ ಕೈಗೆ ಕೊಟ್ಟು, ನಡೆಸು ಎಂದಿದ್ದಳು.

ಆನ್‌ಲೈನ್ ಹರಾಜಿನಲ್ಲಿ ಮಾರುವವನು ಎರಡು ಬೆಲೆ ಇಡಬೇಕು. ಒಂದು ಎಲ್ಲರಿಗೂ ಕಾಣುವ ಆರಂಭದ ಬೆಲೆ. ಇನ್ನೊಂದು ಯಾರಿಗೂ ಕಾಣದ ಕೊನೆಯ ಬೆಲೆ. ಕೂಗು ಅಷ್ಟು ಮುಟ್ಟದಿದ್ದರೆ ಸಾಮಾನು ನಮ್ಮಲ್ಲೇ ಉಳಿಯುತ್ತದೆ. ಅಣ್ಣ ಮೊದಲನೆಯದನ್ನು ಕದ ಎನ್ನುತ್ತಿದ್ದ, ಎರಡನೆಯದನ್ನು ಚಿಲಕ. ಕದ ಅಗಲವಾಗಿ ತೆರೆದಿಟ್ಟರೆ ನಾಲ್ಕು ಜನ ಒಳಗೆ ಬರುತ್ತಾರೆ, ಬಂದವರು ಒಬ್ಬರ ಮುಖ ಒಬ್ಬರು ನೋಡಿ ಏರಿಸುತ್ತಾರೆ. ಕೇಳುವುದಕ್ಕೆ ಇದು ಬಹಳ ಸುಲಭ.

ಮೊದಲು ನಾನು ಹಾಕಿದ್ದು ಮರಿಕಲ್‌ನಿಂದ ತಂದಿದ್ದ ಕನ್ನಡಿ ಅಲಮಾರಿ. ನಷ್ಟವಾದೀತೆಂಬ ಹೆದರಿಕೆಯಿಂದ ಆರಂಭದ ಬೆಲೆಯನ್ನೇ ಏರಿಸಿಟ್ಟೆ. ಹರಾಜಿನ ದಿನಗಳೆಲ್ಲ ಕಳೆದರೂ ಒಬ್ಬರೂ ಕೂಗಲಿಲ್ಲ. ನೋಡಿದವರ ಸಂಖ್ಯೆ ಏರುತ್ತಿತ್ತು, ಯಾರೂ ಒಳಗೆ ಬರಲಿಲ್ಲ. ಆಮೇಲೆ ಧನ್ವಾಡದ ಎರಡು ಆರಾಮ ಕುರ್ಚಿಗಳನ್ನು ಹಾಕಿದೆ. ಈ ಸಲ ಆರಂಭದ ಬೆಲೆ ತೀರ ಇಳಿಸಿದೆ, ಜನ ಬಂದೇ ಬರುತ್ತಾರೆಂದು ಕೊನೆಯ ಬೆಲೆ ಇಡಲೇ ಇಲ್ಲ. ಬಂದವನು ಒಬ್ಬನೇ. ಅವನೊಂದಿಗೆ ಏರಿಸಲು ಇನ್ನೊಬ್ಬರಿರಲಿಲ್ಲ. ನಾನು ಹೆಣೆದ ಬೆತ್ತದ ಖರ್ಚೂ ಹುಟ್ಟಲಿಲ್ಲ. ಆದರೂ ಕಳಿಸಿದೆ. ಕೂಗಿದ ಮೇಲೆ ಕೊಡಬೇಕು, ಅದರಲ್ಲಿ ಅಣ್ಣ ಎಂದೂ ಹಿಂದೆಗೆದವನಲ್ಲ. ಕುರ್ಚಿ ತಲುಪಿದ ಮೇಲೆ ಆ ಗಿರಾಕಿ ಅಣ್ಣನ ಹೆಸರಿನ ಕೆಳಗೆ ಐದು ನಕ್ಷತ್ರ ಕೊಟ್ಟು, ನಿಮ್ಮಂಥವರು ಅಪರೂಪ ಎಂದು ಬರೆದ. ಅದನ್ನು ಓದಿ ನನಗೆ ನಗು ಬಂತು. ಅಣ್ಣ ಇದ್ದಿದ್ದರೆ ಈ ಮಾತನ್ನು ಹಿಡಿದು ನನ್ನನ್ನು ತಿಂಗಳುಗಟ್ಟಲೆ ಕಾಡುತ್ತಿದ್ದ.

ಬೆಲೆ ಕಟ್ಟುವುದು ನನಗೆ ಬಾರದ ಕೆಲಸವೇನಲ್ಲ ಎಂದು ತಿಳಿದುಕೊಂಡಿದ್ದೆ. ಇಷ್ಟು ವರ್ಷ ಅರ್ಧ ಬೆಲೆ ಕಟ್ಟಿದವನು ನಾನೇ ತಾನೆ. ಕಾಲು, ಕೀಲು, ಒರಲೆ ನನ್ನವು, ನಾನು ಇಳಿಸುತ್ತಿದ್ದೆ. ಕೂತ ಜನ, ಕೊಳ್ಳುವ ಜನ ಅವನ ಪಾಲು, ಅವನು ಏರಿಸುತ್ತಿದ್ದ. ಇಬ್ಬರ ಎಳೆದಾಟದಲ್ಲಿ ಎಲ್ಲೋ ಒಂದು ಕಡೆ ಬೆಲೆ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಕಂಬಳಿಯ ಕೆಳಗೆ ನನ್ನ ಬಲಗೈಯನ್ನು ನನ್ನ ಎಡಗೈಯಿಂದ ಹಿಡಿದು ನೋಡಿದೆ. ಬಲಗೈ ಹೇಳಿದ್ದಕ್ಕೆಲ್ಲ ಎಡಗೈ ಹೂಂ ಎನ್ನುತ್ತದೆ.

ಹರಾಜಿಗೆ ಹಾಕದೆ ಉಳಿದದ್ದು ತಖ್ತ. ಅದೊಂದಕ್ಕೆ ಮಾತ್ರ ಅಣ್ಣನ ಬೆಲೆ ನನ್ನ ಕೈಯಲ್ಲಿತ್ತು.

ಅದನ್ನು ಅಂಗಡಿಯ ಮುಂದಿನ ಬೆಳಕಿಗೆ ತಂದು ಇಟ್ಟೆ. ಸಡಿಲಾಗಿದ್ದ ಎರಡು ಕೀಲುಗಳಿಗೆ ಬಿದಿರಿನ ಬೆಣೆ ಹೊಡೆದೆ. ಕಾಲುಗಳನ್ನು ಉಜ್ಜಿ ಎಣ್ಣೆ ಒರೆಸಿದೆ. ಮೇಲಿನ ಹಲಗೆಗೆ ಒಣ ಬಟ್ಟೆ ಬಿಟ್ಟು ಬೇರೇನೂ ತಾಗಿಸಲಿಲ್ಲ. ಬೇವಿನ ಕಾಲಿನ ಬಣ್ಣ ಕೆರೆದು, ಅದು ಬೇವೆಂದು ಕಾಣುವ ಹಾಗೆ ಬೇರೆಯೇ ಫೋಟೊ ತೆಗೆದೆ. ಉದ್ದ, ಅಗಲ, ಎತ್ತರ ಬರೆದೆ. ಹಲಗೆ ಯಾಕೆ ಅಷ್ಟು ನುಣುಪು ಎಂಬುದನ್ನು ಅಣ್ಣ ಟ್ರಾಲಿಯಲ್ಲಿ ಹೇಳಿದ ಹಾಗೆಯೇ ಬರೆದೆ. ಆಮೇಲೆ ಇಡೀ ತಖ್ತದ ಫೋಟೊ ತೆಗೆಯಲು ನಿಂತಾಗ ಕೈ ಏಳಲಿಲ್ಲ. ಅದು ಬರಿದಾಗಿತ್ತು.

ನಮ್ಮ ಮನೆಯಲ್ಲಿ ಬರೀ ಮಂಚ, ಬರೀ ತಖ್ತ ಯಾರ ಕಣ್ಣಿಗೂ ಬೀಳಬಾರದು. ಹಾಸಿಗೆ ತೆಗೆದ ಮಂಚ ಕಾಣುವುದು ಮನೆಯಲ್ಲಿ ಯಾರಾದರೂ ತೀರಿಹೋದಾಗ ಮಾತ್ರ. ಅದಕ್ಕೇ ಅಣ್ಣ ಮಂಚವಿರಲಿ ತಖ್ತವಿರಲಿ, ತನ್ನ ಕಂಬಳಿ ಹಾಸದೆ ಫೋಟೊ ತೆಗೆದವನಲ್ಲ. ನಾನೂ ಕಂಬಳಿ ಹಾಸಿದೆ, ಒಂದು ಅಂಚು ಇಳಿಬಿಟ್ಟೆ, ಫೋಟೊ ತೆಗೆದೆ. ಆರಂಭದ ಬೆಲೆ ಮೂರು ಸಾವಿರ ಇಟ್ಟೆ, ಕೊನೆಯದು ಅಣ್ಣನ ಹನ್ನೊಂದು.

ಎರಡನೇ ದಿನಕ್ಕೆ ನಾಲ್ಕು ಜನ ಒಳಗೆ ಬಂದಿದ್ದರು. ಕೂಗು ಒಂಬತ್ತು ಸಾವಿರದ ಹತ್ತಿರ ಬಂದು ಎರಡು ದಿನ ನಿಂತಿತು. ನಾನು ಬೇವಿನ ಕಾಲನ್ನು ಬೈದುಕೊಂಡೆ. ಮುಗಿಯುವ ಸಂಜೆ ಇಬ್ಬರು ಹಠಕ್ಕೆ ಬಿದ್ದರು. ಹನ್ನೊಂದು ದಾಟಿತು, ಇನ್ನೂ ಸ್ವಲ್ಪ ಮೇಲೆ ಹೋಗಿ ನಿಂತಿತು. ಪಕ್ಕದ ಅಂಗಡಿಯವರಿಗೆ ಕೇಳುವ ಹಾಗೆ ನಾನು "ನಿಂದ ಖರೆ ಆತು ಬಿಡೋ" ಎಂದುಬಿಟ್ಟೆ.

ಗೆದ್ದವರು ಹೈದರಾಬಾದಿನ ಒಬ್ಬ ಹೆಣ್ಣುಮಗಳು. ಮರುದಿನ ಅವರೇ ಫೋನ್ ಮಾಡಿ ತೆಲುಗಿನಲ್ಲಿ ಮಾತಾಡಿದರು. ಸಾಗಾಟದ ವಿಚಾರವೆಲ್ಲ ಮುಗಿದ ಮೇಲೆ, ಕಂಬಳಿಯನ್ನು ಮಡಚಿ ಬೇರೆ ಕಟ್ಟುತ್ತೀರೋ, ತಖ್ತಕ್ಕೇ ಸುತ್ತಿ ಕಳಿಸುತ್ತೀರೋ ಎಂದು ಕೇಳಿದರು.

ಅಣ್ಣನಿಗೂ ಹೀಗೆ ಕೇಳಿದವರಿದ್ದರು. ಅವನ ಹತ್ತಿರ ಒಂದೇ ಉತ್ತರ ಇತ್ತು: "ಕಂಬಳಿ ಬೇಕಂದ್ರ ಸಂಗಾಟ ನಾನೂ ಬರ್ತೀನ್ರಿ. ಎರಡು ಹೊತ್ತು ರೊಟ್ಟಿ ಹಾಕಬೇಕಾಗ್ತೈತಿ." ತೆಲುಗಿನವರಿಗೆ ತೆಲುಗಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ. ಅವರು ನಗುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಂಬಳಿ ಮಾರಾಟಕ್ಕಿಲ್ಲ ಎಂದು ಅವನು ಎಲ್ಲೂ ಬರೆಯುತ್ತಿರಲಿಲ್ಲ, ನಾನೂ ಬರೆದಿರಲಿಲ್ಲ. ಅಣ್ಣನ ಆ ರೊಟ್ಟಿಯ ಮಾತು ನನ್ನ ಬಾಯಿಗೆ ಬರಲಿಲ್ಲ. ಕಂಬಳಿ ಕೊಡುವುದಿಲ್ಲ ಎಂದಷ್ಟೇ ಹೇಳಿದೆ.

ಬೇರೆ ಎಂದು ಬರೆಯದಿದ್ದರೆ ಫೋಟೊದಲ್ಲಿ ಇರುವುದೆಲ್ಲ ಸಾಮಾನಿಗೆ ಸೇರಿದ್ದು ಎಂಬುದು ಹರಾಜಿನ ನಿಯಮ, ಅದನ್ನು ಅವರು ಮೆತ್ತಗೆ ನೆನಪಿಸಿದರು. ಅವರ ತಂದೆ ರಾಜೋಳಿಯಲ್ಲಿ ಮಗ್ಗದಲ್ಲಿ ನೇಯ್ದವರಂತೆ, ಈಗ ವಯಸ್ಸಾಗಿ ಮಗಳ ಮನೆಯಲ್ಲಿದ್ದಾರೆ. ಫೋಟೊ ತೋರಿಸಿದಂದಿನಿಂದ ತಂದೆ ತಖ್ತದ ಮಾತೇ ಆಡಿಲ್ಲವಂತೆ, ಕಂಬಳಿ ಯಾವಾಗ ಬರುತ್ತದೆ ಎಂದೇ ಕೇಳುತ್ತಿದ್ದಾರಂತೆ. ಹುಡುಗರಾಗಿದ್ದಾಗ ಕುರಿಯವರ ಕಂಬಳಿ ಮೇಲೆ ಮಲಗಿದ್ದು ಅವರಿಗೆ ನೆನಪಂತೆ. ಬೇಕಿದ್ದರೆ ಅದಕ್ಕೆ ಬೇರೆ ಬೆಲೆ ಹೇಳಿ, ಕೊಡುತ್ತೇನೆ ಎಂದರು. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ.

ವ್ಯಾಪಾರ ಮುರಿದರೆ ಅಣ್ಣನ ಹೆಸರಿನ ಕೆಳಗೆ, ತೋರಿಸಿದ್ದನ್ನು ಕೊಡಲಿಲ್ಲ ಎಂಬ ಮಾತು ಬೀಳುತ್ತದೆ. ಅಂಥದ್ದೊಂದು ಅಲ್ಲಿ ಇಲ್ಲಿಯವರೆಗೆ ಇಲ್ಲ. ಮುರಿಯದಿದ್ದರೆ ಕಂಬಳಿ ಹೋಗುತ್ತದೆ. ಅವನ ಹೆಸರು ಉಳಿಸಬೇಕೋ ಅವನ ಕಂಬಳಿಯನ್ನೋ ಎಂದು ತಿಳಿಯದೆ, ದುಡಿಮೆಯ ಅಭ್ಯಾಸದಿಂದ ಕಂಬಳಿಗೆ ಬೆಲೆ ಕಟ್ಟಲು ಕೂತೆ. ದಪ್ಪ ನೂಲು. ಅಂಚು ಎರಡು ಕಡೆ ಬಿಚ್ಚಿದೆ. ಬೀಡಿ ಕಿಡಿಯ ತೂತುಗಳಿವೆ. ಹೊಗೆಯ ವಾಸನೆ ಹೋಗುವಂಥದ್ದಲ್ಲ. ಬೇರೆಯವರ ಮನೆಯಲ್ಲಿ ಕಂಡಿದ್ದರೆ ನಾನು ಒಂದು ಬೆರಳೂ ಹಿಡಿಯುತ್ತಿರಲಿಲ್ಲ. ಅಣ್ಣ ಏನು ಹಿಡಿಯುತ್ತಿದ್ದನೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ಮಕ್ತಲ್‌ಗೆ ಹೋದೆ. ಕಂಬಳಿ ಈಗ ಅತ್ತಿಗೆಯದು, ಹೇಳುವವಳೂ ಅವಳೇ. ಜೋಳ ಹಸನು ಮಾಡುತ್ತಾ ಕೂತಿದ್ದಳು. ನನ್ನ ಹೆಗಲು ನೋಡಿ ಮೊರವನ್ನು ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ. ಅವಳು ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡು ತೂತುಗಳಲ್ಲಿ ಬೆರಳಾಡಿಸುತ್ತಾ ಕೇಳಿದಳು.

"ಫೋಟೊದಾಗ ಹಾಕಿದವ ಯಾರು?"

"ನಾನ."

"ತೋರ್ಸಿ ಇಲ್ಲ ಅನ್ನಾಕ ನಿಮ್ಮಣ್ಣನ ಹೆಸರು ಬೇಕಾತೇನು ನಿನಗ?"

"ಅಂವಂದು ಇದೊಂದ ಉಳದೈತಿ, ಅತ್ತಿಗಿ."

"ಇದೊಂದ? ಅಲ್ಲಿ ನೋಡು, ಚಪ್ಪಲಿ ಐತಿ, ಚಸ್ಮಾ ಐತಿ, ಬೀಡಿ ಕಟ್ಟು ಸೈತ ಅರ್ಧಕ್ಕರ್ಧ ಐತಿ. ಏನ್ ಬೇಕೋ ಒಯ್ಯಿ." ಹಾಗೆಂದವಳು ಕಂಬಳಿಯ ಕೆಳಗೆ ತನ್ನ ಕೈ ಇಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. "ಇದರಾಗ ಕೈ ಹಾಕಿ ಕುಂದರತಿದ್ರಿ ಇಬ್ರೂ. ನಾ ಅವ್ರಿಗೆ ಅಂತಿದ್ದೆ, ಹೆಂಡ್ತಿ ಕೈ ಒಂದಿನ ಹಿಡೀಲಿಲ್ಲ ನೀವು, ತಮ್ಮನ ಕೈ ದಿನಾ ಹಿಡಿತೀರಿ ಅಂತ."

"ಅಣ್ಣ ಏನಂತಿದ್ದ?"

"ಏನಂತಾರ, ನಗತಿದ್ರು." ಅವಳು ಕಣ್ಣೊರೆಸಿಕೊಳ್ಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. "ಕಂಬಳಿ ಇನ್ನೊಂದು ನೇಯಸಾಕ ಬರ್ತೈತಿ, ತಮ್ಮಾ. ಇದಕ್ಕ ಬೆಲಿ ಮಾತ್ರ ಹಚ್ಚಬ್ಯಾಡ. ಕೊಡೂದಾದ್ರ ಹಾಂಗ ಕೊಡು. ಒಲ್ಲ್ಯಾ, ಹೊದ್ಕೊಂಡು ಮನ್ಯಾಗ ಕುಂಡ್ರು."

ಅವಳು ಮತ್ತೆ ಮೊರ ಎತ್ತಿಕೊಂಡಳು. ನಾನು ಕಟ್ಟೆಯ ಮೇಲೆ ಕೂತು ಅವಳು ಕೇರುವುದನ್ನೇ ನೋಡಿದೆ. ಅಣ್ಣ ಈ ಕಂಬಳಿಯನ್ನು ಪರರ ಮಂಚ, ಪರರ ತಖ್ತಗಳ ಮೇಲೆಯೇ ಹಾಸಿದ್ದ. ನಾನು ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಆಮೇಲೆ ಅದರಿಂದ ಏನಾಗಬೇಕೆಂದು ಯೋಚಿಸಿದೆ, ಏನೂ ತೋಚಲಿಲ್ಲ. ಅಲ್ಲಿಂದಲೇ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಕಂಬಳಿ ತಖ್ತದ್ದೇ, ಅದಕ್ಕೆ ಬೇರೆ ಬೆಲೆ ಇಲ್ಲ ಎಂದೆ. ಅವರು ಸಂಕೋಚಪಟ್ಟರು, ಏನಾದರೂ ತೆಗೆದುಕೊಳ್ಳಲೇಬೇಕು ಎಂದರು. ಆಗ ನನ್ನ ಬಾಯಿಂದ ತಾನಾಗಿಯೇ ಬಂತು: ಈ ಕಂಬಳಿಯ ಯಜಮಾನ, ಅದರ ಸಂಗಾಟ ತಾನೂ ಬರುತ್ತೇನೆ, ಎರಡು ಹೊತ್ತು ರೊಟ್ಟಿ ಹಾಕಬೇಕು ಎನ್ನುತ್ತಿದ್ದ ಎಂದು. ಅವರು ಜೋರಾಗಿ ನಕ್ಕರು. "ಬರಲಿ" ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಹೊರಡುವಾಗ ಅತ್ತಿಗೆ ಕಂಬಳಿಯ ಬಿಚ್ಚಿದ ಅಂಚಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತುಕೊಂಡಳು. ಕುರಿ ಮಾರುವಾಗ ಅಪ್ಪನೂ ಹಾಗೇ ಮಾಡುತ್ತಿದ್ದ. ಹೋಗುವ ಕುರಿಯೊಂದಿಗೆ ಹಟ್ಟಿಯ ಅದೃಷ್ಟವೂ ಹೋಗಬಾರದೆಂದು ಅದರ ಮೈಯಿಂದ ಒಂದಿಷ್ಟು ಉಣ್ಣೆ ಕಿತ್ತು ಉಳಿಸಿಕೊಳ್ಳುತ್ತಿದ್ದ. ಅತ್ತಿಗೆ ಆ ಉಣ್ಣೆಯನ್ನು ಮನೆದೇವರು ಬೀರಪ್ಪನ ಗೂಡಿನಲ್ಲಿ ಭಂಡಾರದ ಬಟ್ಟಲಿನ ಪಕ್ಕದಲ್ಲಿಟ್ಟಳು.

ತಖ್ತದ ಕಾಲುಗಳಿಗೆ ಗೋಣಿ ಸುತ್ತಿದೆ, ಮೂಲೆಗಳಿಗೆ ರಟ್ಟು ಕಟ್ಟಿದೆ. ಹಲಗೆಯ ಮೇಲೆ ಕಂಬಳಿಯನ್ನೇ ಹರವಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದೆ. ಗದ್ವಾಲಿನಿಂದ ಬಂದ ಹಾಗೆಯೇ ಹೋಯಿತು. ತಲುಪಿದ ಮೇಲೆ ಆ ಹೆಣ್ಣುಮಗಳು ಫೋನ್ ಮಾಡಿದ್ದರು. ಹೊಗೆ ವಾಸನೆ ಹೋಗಲೆಂದು ಬಿಸಿಲಿಗೆ ಹಾಕಲು ಹೋದರೆ ಅವರ ತಂದೆ ಬಿಡುತ್ತಿಲ್ಲವಂತೆ, ಅದರ ಮೇಲೆ ಕೂತು ಏಳುತ್ತಲೇ ಇಲ್ಲವಂತೆ.

ಕನ್ನಡಿ ಅಲಮಾರಿಯನ್ನು ಆರಂಭದ ಬೆಲೆ ಇಳಿಸಿ ಮತ್ತೆ ಹಾಕಿದೆ, ಹೋಯಿತು. ಕೆಲವಕ್ಕೆ ಬೆಲೆ ತಪ್ಪುತ್ತದೆ, ಮೊದಲಿನಷ್ಟು ತಪ್ಪುವುದಿಲ್ಲ. ಕೀಲು, ಕಾಲು ನೋಡಿ ಎದ್ದ ಮೇಲೆ ಈಗ ಹಲಗೆಯ ಮೇಲೆ ಅಂಗೈ ಸವರಿ ನೋಡುತ್ತೇನೆ. ಎರಡನೇ ಚಹಾ ಕೇಳುವ ಧೈರ್ಯವೂ ಬಂದಿದೆ.

ಅತ್ತಿಗೆ ನೇಯಿಸಿದ ಹೊಸ ಕಂಬಳಿ ಹೋದ ವಾರ ಬಂತು. ಮೈಗೆ ಚುಚ್ಚುತ್ತದೆ, ಕುರಿಯ ವಾಸನೆ ಇನ್ನೂ ಹಸಿಯಾಗಿದೆ. ಮೊನ್ನೆ ಧನ್ವಾಡದ ಒಂದು ಮನೆಯಲ್ಲಿ ಮಂಚ ನೋಡಲು ಹೋದಾಗ ಅದನ್ನು ಮಂಚದ ಮೇಲೆ ಹಾಸಿ ಕೂತೆ. ಮನೆಯವರು ಎದುರಿಗೆ ಕೂತು ಮಳೆಯ ಮಾತು ತೆಗೆದರು. ಮಾತಾಡುತ್ತಾ ನಾನು ಕಂಬಳಿಯ ಅಂಚಿನ ಕೆಳಗೆ ಬಲಗೈ ಇಟ್ಟಿದ್ದೆ, ಅದು ತಿಳಿದದ್ದು ಬಹಳ ಹೊತ್ತಿನ ಮೇಲೆ. ಕೈ ಹೊರಗೆ ತೆಗೆದು ಬೆಲೆಯನ್ನು ಬಾಯಲ್ಲೇ ಹೇಳಿದೆ. ಅವರು ಒಪ್ಪಿದರು.

ಕಂಬಳಿ ಇದೆ. ಅದರ ಕೆಳಗೆ ನನ್ನ ಕೈ ಹಿಡಿಯುವವನು ಇಲ್ಲ.